ಸಮಪಾಲಿನ ಮಾತ್ರೆ

ಅಂತಿಕ್ಕಾಡ್,
೩ ಜುಲೈ ೨೦೧೨

ಪ್ರೀತಿಯ ತಂಗಮಣಿಗೆ,

ಕ್ಷೇಮವಾಗಿದ್ದೀಯಾ? ನಿನ್ನ ಸೊಂಟ ಹೇಗಿದೆ, ಅದನ್ನು ಮೊದಲು ತಿಳಿಸು. ಹೈಫಾದ ಆ ಮುದುಕಿಯನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ, ಕುರ್ಚಿಯಿಂದ ಎತ್ತಿ ಹಾಸಿಗೆಗೆ ಹಾಕುತ್ತಾ ಈ ಅಣ್ಣನ ಹಾಗೆ ನಿನ್ನ ನಡುವೂ ಮುರಿದರೆ, ಈ ಮನೆಯಲ್ಲಿ ಇಬ್ಬರು ಮಲಗುವಷ್ಟು ಜಾಗವಿಲ್ಲ, ನೆನಪಿರಲಿ. ಸೂಪಿಗೆ ಉಪ್ಪು ಸಾಲದೆಂದು ಈಗಲೂ ತಟ್ಟೆ ತಳ್ಳುತ್ತಾಳೆಯೇ? ತಳ್ಳಲಿ ಬಿಡು, ಹಸಿವಾದಾಗ ಅವಳೇ ಎಳೆದುಕೊಳ್ಳುತ್ತಾಳೆ. ಅಮ್ಮ ಆರೋಗ್ಯವಾಗಿದ್ದಾಳೆ, ಅಂದರೆ ಬೆಳಗಿನಿಂದ ಬೈಯುತ್ತಿದ್ದಾಳೆ. ಈ ಸುದ್ದಿಯನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಫೋನ್ ಬಂದ ಕೂಡಲೇ ಅಮ್ಮ ಅದನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲೆ ಇಡುತ್ತಾಳೆ, ಪಕ್ಕದ ಮನೆಯ ಕೌಸಲ್ಯ ಒಗೆಯುವ ಬಟ್ಟೆ ಬಿಟ್ಟು ಓಡಿ ಬರುತ್ತಾಳೆ. ಆ ಸಭೆಯಲ್ಲಿ ಸುಖವೇ ಎಂದು ನೀನು ಕೇಳಿದರೆ ಸುಖ ಎನ್ನದೆ ಇನ್ನೇನು ಹೇಳಲಿ? ನಿನ್ನ ಹಾಗೆ ಅಲ್ಲೇ ಕೆಲಸ ಮಾಡುವ ಲಿಸ್ಸಿಯ ರಜೆ ಮುಗಿಯಿತಂತೆ, ನಾಳೆ ಇಸ್ರೇಲಿಗೆ ಹೊರಡುತ್ತಾಳೆ. ಮಾವಿನ ಉಪ್ಪಿನಕಾಯಿಯ ಜೊತೆ ಈ ಕಾಗದವನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ನಮ್ಮ ಛತ್ರಿ ಶೆಡ್ಡಿನಲ್ಲಿ ನಡೆದ ನೋವಿನ ಸಂಶೋಧನೆಯ ಕಥೆಯನ್ನು ನಿನಗೆ ಅರ್ಧಂಬರ್ಧ ಹೇಳಿದ್ದೆ. ಈಗ ಪೂರ್ತಿ ಕೇಳು. ಡಾಕ್ಟರ್ ಮೆರ್ಲಿನ್ ಎಂಬ ಹೆಂಗಸು ಕಳೆದ ವರ್ಷ ಕಾರಿನಲ್ಲಿ ಬಂದಿಳಿದಳು. ಮರದಿಂದ ಬಿದ್ದವರು, ಗಾರೆ ಕೆಲಸದ ಅಟ್ಟಣಿಗೆಯಿಂದ ಬಿದ್ದವರು, ಲಾರಿಯಿಂದ ಮೂಟೆ ಬೆನ್ನ ಮೇಲೆ ಬಿದ್ದವರು, ಹೀಗೆ ಬೆನ್ನುಹುರಿ ಮುರಿದ ಇಪ್ಪತ್ತು ಮಂದಿ ಒಂದೇ ಸೂರಿನಡಿ ಕೂತು ಛತ್ರಿಗೆ ಬಟ್ಟೆ ಹೊಲಿಯುವುದನ್ನು ಕಂಡು ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಸಂತೆಯಲ್ಲಿ ತಾಜಾ ಮೀನು ಕಂಡವರ ಮುಖ ಹಾಗಿರುತ್ತದೆ. ಸೂಜಿ ಚುಚ್ಚಿದರೂ ತಿಳಿಯದ ನನ್ನ ಕಾಲುಗಳು ಹಗಲೂ ರಾತ್ರಿ ಬೆಂಕಿಯಲ್ಲಿಟ್ಟ ಹಾಗೆ ಏಕೆ ಉರಿಯುತ್ತವೆ ಎಂದು ನನಗೇ ಪಾಠ ಹೇಳಿದಳು. ಕಡಿದುಹೋದ ನರ ಸುಮ್ಮನಿರದೆ ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದಂತೆ. ಆ ಸುಳ್ಳುಗಾರ ನರದ ಬಾಯಿ ಮುಚ್ಚಿಸಲು ಹೊಸ ಮಾತ್ರೆ ಬಂದಿದೆ, ನಿಮ್ಮ ಮೇಲೆ ಪರೀಕ್ಷೆ ಮಾಡುತ್ತೇವೆ, ಗುಣ ಕಂಡರೆ ನಿಮಗೆಲ್ಲ ಬದುಕಿರುವವರೆಗೆ ಪುಕ್ಕಟೆ, ಎಂದಳು. ಪುಕ್ಕಟೆ ಎಂದ ಕೂಡಲೇ ನಮ್ಮವರೆಲ್ಲ ವೀಲ್‌ಚೇರ್ ಮುಂದೆ ತಳ್ಳಿದರು. ನಾನೂ ತಳ್ಳಿದೆ. ಆ ಉರಿ ಇಳಿಯುತ್ತದೆ ಎಂದರೆ ನಾನು ಸಗಣಿಯನ್ನೂ ನುಂಗುತ್ತಿದ್ದೆ, ನಿನಗದು ಗೊತ್ತು.

ವಾರಕ್ಕೊಮ್ಮೆ ಬಂದು ನಮ್ಮ ನೋವಿಗೆ ಅಂಕ ಹಾಕುವುದು ಅವಳ ಕೆಲಸ. "ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ಅದಕ್ಕಿಂತ ದೊಡ್ಡ ನೋವು ಊಹಿಸೋಕೂ ಆಗಲ್ಲ. ನಿಮ್ದು ಎಷ್ಟು?" ಶಾಲೆಯಲ್ಲೂ ಇಷ್ಟು ಶ್ರದ್ಧೆಯಿಂದ ನನಗೆ ಯಾರೂ ಅಂಕ ಕೊಟ್ಟಿರಲಿಲ್ಲ. ನಾನು ಹತ್ತು ಎಂದೆ. ಮರುವಾರವೂ ಹತ್ತು ಎಂದೆ. "ಸ್ವಲ್ಪ ಯೋಚನೆ ಮಾಡಿ ಹೇಳಿ ಉದಯಭಾನು" ಎಂದಳು. "ಯೋಚನೆ ಮಾಡಿದ್ರೆ ಹನ್ನೊಂದಾಗುತ್ತೆ, ಹತ್ತೇ ಬರ್ಕೊಳ್ಳಿ" ಎಂದೆ. ಅವಳ ಕಾರು, ಅವಳ ಹಲ್ಲು, ಅವಳ ಸೆಂಟಿನ ವಾಸನೆ ಯಾವುದೂ ನನಗೆ ಹಿಡಿಸಲಿಲ್ಲ. ನಮ್ಮವರ ವಿಷಯ ಅದಕ್ಕಿಂತ ಹೇಸಿಗೆ. ಹಲ್ಲು ಕಚ್ಚಿಕೊಂಡು ಕೂತವರು ಕೂಡ ಅವಳು ಎದುರಿಗೆ ಬಂದರೆ ನಗುತ್ತಾ "ಮೂರು ಡಾಕ್ಟರಮ್ಮ, ನಿಮ್ಮ ದಯೆ" ಎನ್ನುತ್ತಿದ್ದರು. ಏಕೆ ಹೀಗೆ ಎಂದರೆ, "ಪಾಪ, ಅಷ್ಟು ದೂರದಿಂದ ಬರ್ತಾರೆ, ಬೇಜಾರು ಮಾಡ್ಬಾರ್ದು" ಎಂಬ ಉತ್ತರ. ಮನೆಗೆ ಬಂದವರು ಸುಖವೇ ಎಂದರೆ ಸುಖ ಎಂದು ಹೇಳಿ ಚಹಾ ಕೊಟ್ಟು ಕಳಿಸುವ ಜನ ನಾವು. ಇಂಥವರನ್ನು ಕೂರಿಸಿಕೊಂಡು ವಿಜ್ಞಾನ ಮಾಡಲು ಹೊರಟವಳ ಬುದ್ಧಿಗೆ ಏನನ್ನಬೇಕು?

ಆಮೇಲೆ ಅವಳು ಬಾಯಿ ಬಿಟ್ಟು ಒಂದು ಮಾತು ಹೇಳಿದಳು ನೋಡು, ಅನಾಹುತ ಶುರುವಾದದ್ದು ಅಲ್ಲಿಂದ. "ನಿಮ್ಮಲ್ಲಿ ಅರ್ಧ ಜನಕ್ಕೆ ನಿಜವಾದ ಮದ್ದು, ಇನ್ನರ್ಧ ಜನಕ್ಕೆ ಬರೀ ಹಿಟ್ಟು. ನೋಡೋಕೆ ಎರಡೂ ಒಂದೇ ಥರ. ಯಾರಿಗೆ ಯಾವುದು ಅಂತ ಕೊನೇವರೆಗೂ ನಂಗೂ ಗೊತ್ತಿರಲ್ಲ." ನಮ್ಮ ಶೆಡ್ಡಿನ ಕಾರ್ಯದರ್ಶಿ ಸತ್ಯದೇವನ ಹುಬ್ಬು ಹಣೆಗೇರಿತು. ಹಮಾಲರ ಸಂಘದಲ್ಲಿ ಇಪ್ಪತ್ತು ವರ್ಷ ಭಾಷಣ ಮಾಡಿದವನಲ್ಲವೇ, ಬೆನ್ನು ಮುರಿದರೂ ನಾಲಿಗೆ ಮುರಿದಿಲ್ಲ. "ಕೊಡೋದು ಏನು ಅಂತ ನಿಮ್ಗೇ ಗೊತ್ತಿಲ್ದೆ ಕೊಡ್ತೀರಾ ಡಾಕ್ಟರಮ್ಮ?" ಎಂದು ಕೇಳಿದ. ಹೌದು, ಅದೇ ಸರಿಯಾದ ಕ್ರಮ, ಎಂದಳು. ಎಲ್ಲರೂ ತಲೆಯಾಡಿಸಿ ರುಜು ಹಾಕಿದೆವು.

ಒಂದು ತಿಂಗಳಾಗಿರಬಹುದು. ನಮ್ಮ ಸುಗತ ಗೊತ್ತಲ್ಲ, ಗೋಡೆಗೆ ಬಣ್ಣ ಹೊಡೆಯುತ್ತಿದ್ದವನು, ಹೈಫಾದಲ್ಲೇ ಇರುವ ನಿನ್ನ ಗೆಳತಿ ಶೈಲಜಳ ತಮ್ಮ. ಕಾಲಿನೊಳಗೆ ಕರೆಂಟು ಹರಿದ ಹಾಗಾಗುತ್ತದೆ ಎಂದು ಕೂತಲ್ಲೇ ಬೆಚ್ಚಿಬೀಳುತ್ತಿದ್ದ ಬಡಪಾಯಿ. ಒಂದು ಮಧ್ಯಾಹ್ನ, ಊಟವಾದ ಮೇಲೆ, ಛತ್ರಿ ಕಡ್ಡಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಅವನು ನಿದ್ದೆ ಹೋದ. ಬಾಯಿ ತೆರೆದು, ಗೊರಕೆ ಹೊಡೆದು, ಜೊಲ್ಲು ಸುರಿಸಿಕೊಂಡು ನಿದ್ದೆ! ಇಡೀ ಶೆಡ್ಡು ಹೊಲಿಗೆ ನಿಲ್ಲಿಸಿ ಅವನನ್ನೇ ನೋಡಿತು. ಖುಷಿಪಟ್ಟರು ಎಂದುಕೊಂಡೆಯಾ? ಹೊಟ್ಟೆ ಉರಿದುಕೊಂಡರು. ಮದ್ದು ಇವನ ಬಾಟಲಿಯಲ್ಲಿದೆ, ನಮಗೆ ಹಿಟ್ಟು ಬಂದಿದೆ ಎಂದು ಪಿಸಪಿಸ ಶುರುವಾಯಿತು. ಮಾರನೆಯ ದಿನ ಸತ್ಯದೇವ ಸಭೆ ಕರೆದ. "ಕಾಮ್ರೇಡ್, ಒಂದೇ ಸೂರಿನ ಕೆಳಗೆ ಒಬ್ಬನಿಗೆ ಅನ್ನ, ಒಬ್ಬನಿಗೆ ಹೊಟ್ಟು. ಮೂಟೆ ಹೊರೋವಾಗ ಇದನ್ನ ಒಪ್ಪಲಿಲ್ಲ, ಈಗ ಒಪ್ತೀವಾ?" ಒಪ್ಪುವುದಿಲ್ಲ ಎಂದು ಎಲ್ಲರೂ ಕೂಗಿದರು. ಠರಾವು ಮಂಡನೆಯಾಯಿತು. ಅನುಮೋದಿಸಿದವನು ನಾನೇ. ಮರಗೆಣಸು ಬೇಯಿಸುವ ಆ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತಂದು, ಇಪ್ಪತ್ತು ಬಾಟಲಿಗಳನ್ನೂ ಅದಕ್ಕೆ ಸುರಿದು, ಛತ್ರಿ ಕಡ್ಡಿಯಿಂದ ಕಲಸಿ, ಎಣಿಸಿ ಸಮಪಾಲು ಹಂಚಿದೆವು. ಅಂದಿನಿಂದ ಪ್ರತಿ ಸಲ ಬಾಟಲಿ ಬಂದಾಗಲೂ ಅದೇ ಪೂಜೆ. ಡಾಕ್ಟರಮ್ಮ ಬಂದು ಉಳಿದ ಮಾತ್ರೆ ಎಣಿಸುತ್ತಿದ್ದಳು, ಲೆಕ್ಕ ಸರಿಯಿರುತ್ತಿತ್ತು, "ವೆರಿ ಗುಡ್" ಎನ್ನುತ್ತಿದ್ದಳು. ಅವಳು ಬೆನ್ನು ತಿರುಗಿಸಿದ ಕೂಡಲೇ ನಾವು ನಗುತ್ತಿದ್ದೆವು. ಅಷ್ಟು ಓದಿದವಳಿಗೆ ಗೆಣಸಿನ ಪಾತ್ರೆ ಕಾಣಲಿಲ್ಲ!

ಸುಗತನ ಬಾಟಲಿಯನ್ನು ಸುರಿಯುವಾಗ ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವನೇ ಮುಚ್ಚಳ ತೆಗೆದು ಕೊಟ್ಟ. ಒಂದು ವಾರದಲ್ಲಿ ಅವನ ನಿದ್ದೆ ಹೋಯಿತು, ಬೆಚ್ಚಿಬೀಳುವುದು ಮರಳಿತು. "ಪರ್ವಾಗಿಲ್ಲ ಏಟ್ಟಾ, ಎಲ್ರಿಗೂ ಸ್ವಲ್ಪ ಸ್ವಲ್ಪ ಸಿಗ್ಲಿ" ಎಂದು, ಅಣ್ಣ ಎನಿಸಿಕೊಂಡ ನನಗೇ ಸಮಾಧಾನ ಹೇಳಿದ. ತಂಗಮಣಿ, ಸಮಾನತೆಯ ಬಗ್ಗೆ ನಾನು ಎಷ್ಟೋ ಮೆರವಣಿಗೆಗಳಲ್ಲಿ ಕೂಗಿದ್ದೇನೆ. ಆದರೆ ಒಬ್ಬನ ನಿದ್ದೆಯನ್ನು ಇಪ್ಪತ್ತು ಪಾಲು ಮಾಡಿ ಯಾರಿಗೂ ನಿದ್ದೆ ಬರದ ಹಾಗೆ ಮಾಡಿದ ಸಮಾನತೆಯನ್ನು ಇಲ್ಲಿಯೇ ನೋಡಿದ್ದು.

ಕಳೆದ ಶುಕ್ರವಾರ ಫಲಿತಾಂಶ ಬಂತು. ಡಾಕ್ಟರಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮುಖ ಬಾಡಿತ್ತು, ಅಂದು ಸೆಂಟೂ ಇರಲಿಲ್ಲ. "ಮದ್ದು ತಗೊಂಡವರಿಗೂ ಹಿಟ್ಟು ತಗೊಂಡವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಇದನ್ನ ಇಲ್ಲಿಗೇ ನಿಲ್ಲಿಸ್ತಾರೆ" ಎಂದಳು. ಒಬ್ಬೊಬ್ಬರೂ ಮೂಲೆಯಲ್ಲಿದ್ದ ಪಾತ್ರೆಯ ಕಡೆ ನೋಡದಿರಲು ಪಟ್ಟ ಪಾಡು ಹೇಳತೀರದು. ಸತ್ಯದೇವ ಸೂರಿನ ಹೆಂಚು ಎಣಿಸುತ್ತಿದ್ದ. ಸುಗತ ಮಾತ್ರ ಕೇಳಿದ: "ಹಾಗಾದ್ರೆ ಆ ಮದ್ದು ಇನ್ನು ಬರೋದೇ ಇಲ್ವಾ?" ಬರುವುದಿಲ್ಲ ಎಂದಳು. ಅವಳ ಕಾರು ಹೋದ ಮೇಲೆ ಸತ್ಯದೇವನ ನಾಲಿಗೆ ಮರಳಿ ಬಂತು. "ನಾವು ಮಾಡಿದ್ದು ನ್ಯಾಯ, ಲೆಕ್ಕ ತಪ್ಪಿದ್ದು ಅವ್ರದ್ದು. ಈ ವಿಷಯ ಶೆಡ್ಡಿಂದ ಹೊರಗೆ ಹೋಗ್ಬಾರ್ದು" ಎಂದು ಇನ್ನೊಂದು ಠರಾವು. ಹೇಳಿದರೆ ನಮ್ಮನ್ನು ಶೆಡ್ಡಿಗೆ ಕರೆತರಲು ಡಾಕ್ಟರಮ್ಮನ ಕಡೆಯವರು ಕಳಿಸುವ ವ್ಯಾನು ನಿಲ್ಲುತ್ತದೆ, ಅವರು ಕೊಡುವ ಮಧ್ಯಾಹ್ನದ ಊಟ ನಿಲ್ಲುತ್ತದೆ ಎಂಬ ಹೆದರಿಕೆ. ಅದಕ್ಕೆ ನ್ಯಾಯದ ಹೊದಿಕೆ. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ನಮ್ಮ ಮೈಯಲ್ಲಿ ಚೆನ್ನಾಗಿ ಏಳುವುದು ಕೈ ಒಂದೇ ತಾನೇ.

ಈಗ ಆ ಮದ್ದು ಮಣ್ಣುಪಾಲಾಯಿತು. ನಮಗಷ್ಟೇ ಅಲ್ಲ, ನಾಳೆ ಯಾವುದೋ ಊರಿನಲ್ಲಿ ಯಾವುದೋ ಮರದಿಂದ ಬೀಳುವವನಿಗೂ. ಡಾಕ್ಟರಮ್ಮನನ್ನು ಬೈಯೋಣವೆಂದರೆ ನಾವು ಅವಳಿಗಿಂತ ದಡ್ಡರು. ನಮ್ಮವರನ್ನು ಬೈಯೋಣವೆಂದರೆ ನಾನೇ ಅವರ ಮುಂದಾಳು. ಇಷ್ಟೇ ವಿಷಯ. ನೀನು ತಲೆಗೆ ಹಚ್ಚಿಕೊಳ್ಳಬೇಡ. ಎ.ಸಿ. ಚಳಿಗೆ ಕಾಲುಚೀಲ ಹಾಕಿಕೋ, ಮುದುಕಿಯನ್ನು ಎತ್ತುವಾಗ ಮಂಡಿ ಬಗ್ಗಿಸಿ ಎತ್ತು, ಒಬ್ಬಳೇ ಎತ್ತಬೇಡ. ಅಮ್ಮನ ಆಶೀರ್ವಾದ. ಲಿಸ್ಸಿ ಉಪ್ಪಿನಕಾಯಿಯನ್ನು ದಾರಿಯಲ್ಲೇ ಖಾಲಿ ಮಾಡದಿದ್ದರೆ ಅದೂ ತಲುಪುತ್ತದೆ.

ನಿನ್ನ
ಉದಯಭಾನು

ಮರೆತೆ: ಲಿಸ್ಸಿಯ ಆಟೋ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ, ಅಕ್ಷರ ನೋಡಿ ನಗಬೇಡ. ಮೇಲಿನದ್ದೆಲ್ಲ ನಿನ್ನೆ ಬರೆದದ್ದು. ಇಂದು ಬೆಳಿಗ್ಗೆ ಡಾಕ್ಟರಮ್ಮ ಖಾಲಿ ಬಾಟಲಿ ವಾಪಸು ಒಯ್ಯಲು ಮನೆಗೇ ಬಂದರು. ನಾನು ಹೇಳಿಬಿಟ್ಟೆ. ಪಾತ್ರೆಯ ವಿಷಯ, ಠರಾವು, ಎಲ್ಲವನ್ನೂ. "ಎಲ್ಲಾನೂ ಒಂದೇ ಪಾತ್ರೆಗೆ ಸುರಿದ್ರಾ?" ಎಂದು ಮತ್ತೆ ಮತ್ತೆ ಕೇಳಿ ಜಗಲಿಯ ಮೇಲೆ ಕೂತುಬಿಟ್ಟರು. ಅಮ್ಮ ಕಪ್ಪು ಚಹಾ ಕೊಟ್ಟಳು. ಕುಡಿದು, ಹಾಗಾದರೆ ಇದು ಮದ್ದಿನ ಸೋಲಲ್ಲ, ಬೇರೆ ಜಿಲ್ಲೆಯಲ್ಲಿ ಹೊಸಬರನ್ನು ಇಟ್ಟುಕೊಂಡು ಮೊದಲಿನಿಂದ ಮಾಡಬೇಕೆಂದು ಕೇಳುತ್ತೇನೆ, ಎಂದರು. ಆ ಪಾತ್ರೆಯಿಂದ ತಿಂದ ನಮ್ಮನ್ನು ಸೇರಿಸಿಕೊಳ್ಳುವ ಹಾಗಿಲ್ಲವಂತೆ. ಸರಿ, ನಮಗೆ ಬೇಡ, ಸುಗತನೊಬ್ಬನಿಗೆ ಹೇಗಾದರೂ ಕೊಡಿಸಿ, ಅವನಿಗದು ಹಿಡಿದಿತ್ತು, ಎಂದೆ. ಅವರು ಲ್ಯಾಪ್‌ಟಾಪ್ ತೆರೆದು ನೋಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸುಗತನ ಬಾಟಲಿಯಲ್ಲಿ ಮೊದಲಿನಿಂದಲೂ ಇದ್ದದ್ದು ಹಿಟ್ಟು. ಮದ್ದು ಇದ್ದದ್ದು ನನ್ನ ಬಾಟಲಿಯಲ್ಲಿ. ಆ ಮೊದಲ ತಿಂಗಳು ನನಗೆ ಉರಿ ತುಸು ಇಳಿದಿತ್ತೇನೋ, ಇಳಿದಿತ್ತೆಂದೇ ಈಗ ಅನ್ನಿಸುತ್ತದೆ. ಆದರೆ ಆ ಹೆಂಗಸಿಗೆ ಆ ಸಂತೋಷ ಕೊಡಬಾರದೆಂದು ನಾನು ಪ್ರತಿವಾರ ಹತ್ತು ಎಂದೇ ಬರೆಸಿದೆ. ಶನಿವಾರ ಅವರು ಶೆಡ್ಡಿಗೆ ಬಂದು ಯಾರ ಬಾಟಲಿಯಲ್ಲಿ ಏನಿತ್ತೆಂದು ಒಬ್ಬೊಬ್ಬರಿಗೂ ತಿಳಿಸಬೇಕಂತೆ, ಅದು ನಿಯಮವಂತೆ. ಸುಗತ ಶುಕ್ರವಾರದಿಂದ ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತಿದ್ದಾನೆ: "ನಂಗೆ ಒಂದ್ಸಲ ಹೋಗಿತ್ತಲ್ಲ, ಅಂದ್ರೆ ಇದು ಹೋಗೋ ನೋವೇ." ತಂಗಮಣಿ, ನಾನು ಡಾಕ್ಟರಮ್ಮನ ಮುಂದೆ ಕೈ ಮುಗಿದೆ. ಅವನಿಗೆ ಮಾತ್ರ ಹೇಳಬೇಡಿ ಎಂದೆ. "ನಾನಾಗಿ ಹೇಳಲ್ಲ, ಆದ್ರೆ ಅವರಾಗಿ ಕೇಳಿದ್ರೆ ನಾನು ಸುಳ್ಳು ಹೇಳೋಕಾಗಲ್ಲ" ಎಂದರು. ನನ್ನ ಬಾಯಿಂದ ಬಂದರೆ ಅವನು ನಂಬುವುದಿಲ್ಲ. ಶೈಲಜ ಅವನಿಗೆ ಪ್ರತಿ ಶುಕ್ರವಾರ ಫೋನ್ ಮಾಡುತ್ತಾಳಲ್ಲ. ಈ ಕಾಗದ ಸಿಕ್ಕಿದ ಕೂಡಲೇ ಅವಳ ಮನೆಗೆ ಹೋಗು. ಅವನು ಡಾಕ್ಟರಮ್ಮನನ್ನು ಕೇಳುವ ಮೊದಲೇ ಅವನಿಗೆ ತಿಳಿಸಲು ಹೇಳು, ಮದ್ದು ಅವನ ಬಾಟಲಿಯಲ್ಲೇ ಇತ್ತು ಎಂದು.