ಬನವ್ವನ ನಲವತ್ತು ನಿಮಿಷ

ಇಳಕಲ್ಲು
ಹೊಸಹೊಳೆಯ ನೂರಾ ಹನ್ನೊಂದನೆಯ ವರ್ಷ, ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ

ವಿಡಿಯೊ ಗ್ಯಾನಪ್ಪಜ್ಜನವರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಹೊಳೆ ದಿಕ್ಕು ಬದಲಿಸಿದ ಮೇಲೆ ನಾವು ವರ್ಷಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದೆವು. ಬೇಸಿಗೆ ಈಗ ವರ್ಷಕ್ಕೆ ಎರಡು ಸಲ ಬರುತ್ತದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ನೀವೇ ಉಳಿಸಿದ ಭಾಷಣಗಳಿಂದ. ಇಪ್ಪತ್ತಾರರ ನಿಮಗೆ ಅಜ್ಜ ಅನ್ನಿಸಿಕೊಳ್ಳಲು ಮುಜುಗರವಾದೀತು, ಅದಕ್ಕೂ ಕ್ಷಮೆ ಇರಲಿ.

ನಾನು ಹೊನ್ನಕ್ಕ, ಊರಿನ ಪ್ರತಿಗಾರ್ತಿ. ಹಳೆಯ ಫೋಟೊ, ವಿಡಿಯೊ, ಧ್ವನಿಗಳು ಕೆಡುವ ಮುಂಚೆ ಹನ್ನೆರಡು ವರ್ಷಕ್ಕೊಮ್ಮೆ ಅವನ್ನು ಹೊಸ ಬಿಲ್ಲೆಗಳಿಗೆ ನಕಲು ಮಾಡುವುದು ನನ್ನ ಕೆಲಸ. ಬಿಲ್ಲೆ ಎಂದರೆ ಅಂಗೈಯಗಲದ ಗಾಜು, ನಿಮ್ಮ ಪೆನ್‌ಡ್ರೈವಿನ ಮರಿಮಗಳು ಅನ್ನಿ. ಬೆಳಿಗ್ಗೆ ನೀರಿನ ಸರದಿ ಮುಗಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಕೂರುತ್ತೇನೆ. ಬಿಸಿಲು ಏರಿದರೆ ಯಂತ್ರವೂ ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ. ಪ್ರತಿ ನಕಲಿಗೂ ಮುಂಚೆ ಮೊದಲ ಪ್ರತಿ ಮಾಡಿದವರಿಗೆ ಒಂದು ಓಲೆ ಬರೆದು ಜೊತೆಗಿಡಬೇಕು ಎಂಬುದು ನಮ್ಮಲ್ಲಿ ಕಟ್ಟಳೆ. ನನಗಿಂತ ಮುಂಚಿನ ಆರು ಜನ ನಿಮಗೆ ಧನ್ಯವಾದ ಹೇಳಿ ಬರೆದಿದ್ದಾರೆ. ನನಗೆ ಸಾಕಾಗಿದೆ ಅಜ್ಜಾ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನೀವು ತೆಗೆದದ್ದು ನೇಕಾರ್ತಿ ಬನವ್ವನ ಸನ್ಮಾನದ ವಿಡಿಯೊ. ಸೀರೆಯ ಒಡಲಿನ ಹತ್ತಿ ಹಾಸಿನ ಉದ್ದ ಎಳೆಗಳಿಗೂ ಸೆರಗಿನ ರೇಷ್ಮೆ ಹಾಸಿನ ಎಳೆಗಳಿಗೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವುದರಲ್ಲಿ ಆಕೆಯ ಕೈ ಎತ್ತಿದ ಕೈ. ಸಭೆ ಮುಗಿದ ಮೇಲೆ ಆಕೆ ಮಗ್ಗದ ಮುಂದೆ ಕೂತು ನಲವತ್ತು ನಿಮಿಷ ಅದನ್ನು ಮಾಡಿ ತೋರಿಸಿದಳು. ಎಲ್ಲವೂ ಸೇರಿ ಒಂದೇ ಫೈಲು. ಅದನ್ನು ಪೆನ್‌ಡ್ರೈವಿಗೆ ಹಾಕಲು ಹೋದಾಗ ಏನಾಯಿತೆಂದು ನೀವೇ ಚೀಟಿ ಬರೆದು ಅದರಲ್ಲಿ ಇಟ್ಟಿದ್ದೀರಿ. ಅದು ನನಗೆ ಬಾಯಿಪಾಠವಾಗಿದೆ: "ಫೈಲು ಐದೂವರಿ ಜಿಬಿ ಐತ್ರಿ. ಪೆನ್‌ಡ್ರೈವ್ ಮೂವತ್ತೆರಡು ಜಿಬಿ, ಪೂರಾ ಖಾಲಿ. ಆದ್ರೂ ತೊಗೊಳ್ಳವಲ್ದು. ಅಧ್ಯಕ್ಷರು ಇವತ್ತ ಬೇಕಂತ ಕುಂತಾರ. ಕಡೀಕ ಅಜ್ಜಿ ಸುಮ್ನ ದಾರ ಹಚ್ಚೂದಷ್ಟ ಐತಿ, ಅದನ್ನ ತಗದೀನ್ರಿ. ಭಾಷಣ ಎಲ್ಲಾ ಪೂರಾ ಅದಾವ."

ಪೂರಾ ಇವೆ, ನಿಜ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಐವತ್ತೆರಡು ನಿಮಿಷ. ಬನವ್ವನ ಕೈ ನಮ್ಮ ನಾಡಿನ ಆಸ್ತಿ ಎಂದು ಅವರು ಒಂಬತ್ತು ಸಲ ಹೇಳುತ್ತಾರೆ. ಆ ಕೈಯನ್ನೇ ನೀವು ಕತ್ತರಿಸಿಬಿಟ್ಟಿರಿ.

ನಿಮ್ಮ ಪೆನ್‌ಡ್ರೈವ್ ತುಂಬಿರಲಿಲ್ಲ, ಕೆಟ್ಟೂ ಇರಲಿಲ್ಲ. ಅಂಗಡಿಯಿಂದ ಬರುವಾಗಲೇ ಅದು ಫ್ಯಾಟ್ ಮೂವತ್ತೆರಡು ಎಂಬ ಹಳೆಯ ವ್ಯವಸ್ಥೆಯಲ್ಲಿತ್ತು. ಅದರಲ್ಲಿ ಜಾಗ ಎಷ್ಟೇ ಇರಲಿ, ಒಂದೊಂದು ಫೈಲು ನಾಲ್ಕು ಜಿಬಿಯೊಳಗೇ ಇರಬೇಕು. ಮನೆ ದೊಡ್ಡದು, ಬಾಗಿಲು ಗಿಡ್ಡ, ಅಷ್ಟೇ. ದೊಡ್ಡ ಫೈಲೂ ಹಿಡಿಸುವ ಎಕ್ಸ್‌ಫ್ಯಾಟ್ ವ್ಯವಸ್ಥೆಯನ್ನು ಆರಿಸಿ ಫಾರ್ಮ್ಯಾಟ್ ಮಾಡಿದ್ದರೆ ಎರಡು ನಿಮಿಷದ ಕೆಲಸ. ಖಾಲಿ ಡ್ರೈವ್, ಅಳಿಸಿಹೋಗಲು ಒಳಗೆ ಏನೂ ಇರಲಿಲ್ಲ. ಅದು ತಿಳಿಯದಿದ್ದರೂ ಚಿಂತೆಯಿರಲಿಲ್ಲ. ಎರಡು ತುಂಡು ಮಾಡಿ ಎರಡನ್ನೂ ಅದರಲ್ಲೇ ಹಾಕಬಹುದಿತ್ತು. ನೀವು ಎರಡು ತುಂಡು ಮಾಡಿದಿರಿ, ಒಂದನ್ನು ಹಾಕಿದಿರಿ. ಮರುದಿನದ ಮದುವೆಗೆ ಜಾಗ ಬೇಕೆಂದು ಕ್ಯಾಮೆರಾ, ಕಂಪ್ಯೂಟರು ಎರಡನ್ನೂ ಖಾಲಿ ಮಾಡಿದಿರಿ. ಇದೂ, ಆ ನಲವತ್ತು ನಿಮಿಷದ ಲೆಕ್ಕವೂ ಚೀಟಿಯಲ್ಲಿವೆ.

ನಿಮ್ಮನ್ನು ಬೈಯಬೇಕೆಂದೇ ಕೂತೆ, ಆದರೆ ಬೈಯುವ ಶಕ್ತಿಯೂ ಇಲ್ಲ. ನಡುವೆ ಎರಡು ತಲೆಮಾರು ಇಲ್ಲಿ ಯಾರೂ ನೇಯಲಿಲ್ಲ. ಸೀರೆಗಳು ಯಂತ್ರದಿಂದ ಸುರುಳಿಯಾಗಿ ಬರುತ್ತಿದ್ದವು. ಹತ್ತಿ ಮರಳಿ ಬೆಳೆದಾಗ ಮಗ್ಗ ಹೂಡಿದವಳು ನಮ್ಮವ್ವ ಕಾಳವ್ವ. ಒಡಲು ನೇಯ್ದಳು, ಸೆರಗು ನೇಯ್ದಳು, ಕೂಡಿಸಲು ಬರಲಿಲ್ಲ. ಸೂಜಿಯಿಂದ ಹೊಲಿದು ಕೊಡುತ್ತಾಳೆ. ವರ್ಷದೊಳಗೆ ಸೆರಗು ಕಿತ್ತುಕೊಂಡು ಬರುತ್ತದೆ. ಮೂವತ್ತು ವರ್ಷ ಅವ್ವ ಊಹೆಯಿಂದ ಕೊಂಡಿ ಹಾಕಿ ನೋಡಿದ್ದಾಳೆ. ಎಳೆದರೆ ಬಿಚ್ಚುತ್ತದೆ. ಅವಳ ಕಣ್ಣು ಮುಂದಿನ ಬೇಸಿಗೆಯವರೆಗೆ ಇದ್ದರೆ ಹೆಚ್ಚು ಎಂದು ವೈದ್ಯೆ ಹೇಳಿದ್ದಾಳೆ. ಈಗಲೂ ಮಗ್ಗದ ಮೇಲೆ ಒಂದು ಸೀರೆ ಇದೆ, ಎರಡು ಹಾಸುಗಳ ನಡುವೆ ಬೆರಳಿನಷ್ಟು ಜಾಗ ಬಿಟ್ಟುಕೊಂಡು.

ಈ ಓಲೆ ನಿಮಗೆ ತಲುಪುವುದಿಲ್ಲ ಎಂದು ಗೊತ್ತು. ಆದರೂ ಅಕಸ್ಮಾತ್ ತಲುಪಿದರೆ, ಅಧ್ಯಕ್ಷರನ್ನು ಒಂದು ತಾಸು ಕಾಯಿಸಿ. ಕತ್ತರಿಸಲೇಬೇಕಾದರೆ ಅವರ ಭಾಷಣ ಕತ್ತರಿಸಿ, ನಾವು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಕಲನ್ನು ಕೊನೆಯವರೆಗೆ ಓಡಿಸಿ ನೋಡುವ ತನಕ ಮೂಲವನ್ನು ಅಳಿಸಬೇಡಿ.

ನಾಳೆ ನಾನೂ ನನ್ನ ನಕಲನ್ನು ಕೊನೆಯವರೆಗೆ ಓಡಿಸಿ ನೋಡಬೇಕು. ಅವ್ವ ಬಂದು ಪಕ್ಕದಲ್ಲಿ ಕೂರುತ್ತಾಳೆ. ಬೇಡವೆಂದರೂ ಕೇಳುವುದಿಲ್ಲ. ಭಾಷಣಗಳೆಲ್ಲ ಮುಗಿದು ಬನವ್ವ ಮಗ್ಗದ ಮುಂದೆ ಕೂರುತ್ತಾಳೆ, ಶಾಲು ತೆಗೆದು ಬದಿಗಿಡುತ್ತಾಳೆ, ಎರಡು ಎಳೆ ಎತ್ತಿ ಹಿಡಿದು "ಈಗ ನೋಡ್ರಿ" ಅನ್ನುತ್ತಾಳೆ. ಅವ್ವ ಮುಂದಕ್ಕೆ ಬಾಗುತ್ತಾಳೆ. ನೀವು ಉಳಿಸಿದ್ದು ಅಲ್ಲಿಗೆ ಮುಗಿಯುತ್ತದೆ.

ಇಂತಿ,
ಪ್ರತಿಗಾರ್ತಿ ಹೊನ್ನಕ್ಕ