ಎಂಟನೆಯ ಸಾಲು

ರಂಗಸಂಕುಲ, ಹೊಸಪೇಟೆ
ಇಸವಿ 2191, ಎರಡನೇ ಬೇಸಿಗೆಯ ಐವತ್ತೆರಡನೇ ದಿನ

ಶಾಹಿನಾ ಅಕ್ಕನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ; ತಿಂಗಳುಗಳ ಹೆಸರುಗಳು ಬಿಟ್ಟುಹೋಗಿವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಹತ್ತನೇ ತರಗತಿಯವರೆಗೆ ಓದಿದವಳು, ಮನ್ನಿಸಿ. ನೀವು ನನಗೆ ಗೊತ್ತಿರುವುದು ಒಂದು ಪುಸ್ತಕದಿಂದ. ಅದರ ರಟ್ಟಿನ ಒಳಗೆ 'ಶಾಹಿನಾ ನದಾಫ್, ಇಂಟರ್ನ್, ಪ್ರೊಡಕ್ಷನ್ ವಿಭಾಗ' ಎಂದು ನೀಲಿ ಶಾಯಿಯಲ್ಲಿ ಬರೆದಿದ್ದೀರಿ. ನಿಮ್ಮ ನಂತರ ಇಲ್ಲಿಗೆ ಕಲಿಯಲು ಬಂದವರೆಲ್ಲರ ಕೈ ದಾಟಿ ಅದು ನನಗೆ ಬಂತು. ಕೊನೆಯ ಹನ್ನೊಂದು ಹಾಳೆ ಖಾಲಿ ಇದ್ದವು. ಅವುಗಳಲ್ಲೇ ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಜನ ನಾಟಕ ನೋಡಲು ಬರುತ್ತಿದ್ದರಂತೆ. ಈಗ ತಂಪಿಗೆ ಬರುತ್ತಾರೆ. ಓಣಿಗೊಂದು ಸರದಿಯಂತೆ ನೆರಳುಚೀಟಿ ಹಂಚುತ್ತಾರೆ. ಅದು ಇದ್ದವರು ಮೂರು ಗಂಟೆ ಒಳಗೆ ಕೂರಬಹುದು. ಮೊದಲ ಹಾಡಿಗೇ ಅರ್ಧ ಸಭೆ ನಿದ್ದೆ ಹೋಗಿರುತ್ತದೆ. ಹಾಗಂತ ನಮ್ಮ ಕೆಲಸವೇನೂ ಕಡಿಮೆಯಿಲ್ಲ. ಬೆಳಿಗ್ಗೆ ಬರಿಗಾಲಲ್ಲಿ ರಂಗದ ಮೇಲೆ ನಡೆದು ಮೊಳೆ ಬಿದ್ದಿವೆಯೇ ನೋಡಬೇಕು, ನಟರಿಗೆ ನೀರಿನ ಪಾಲು ಅಳೆದು ಕೊಡಬೇಕು, ಕತ್ತಿ, ಕೋಲು, ಲಾಟೀನುಗಳನ್ನು ಅವುಗಳ ಗುರುತಿನ ಮೇಲೆ ಇಡಬೇಕು. ನೀವು ಮೊದಲ ಪುಟದಲ್ಲಿ ಬರೆದ ಏಳು ಸಾಲುಗಳೇ ನಮಗೆ ಕಟ್ಟಳೆ. ಏಳನೆಯದು, 'ಪರದೆ ಏಳುವ ಮುಂಚೆ ಎಲ್ಲರ ಹೆಸರು ಕೂಗಬೇಕು. ದನಿ ಬರುವ ತನಕ ಏನೂ ಅಲುಗಬಾರದು.' ರಂಗಸಂಕುಲ ನಡೆಸುವ ಮಂಡಳಿಯವರು ಈ ಕೆಲಸಕ್ಕೆ ಎಣಿಕೆಗಣ್ಣು ತರಬೇಕೆಂದು ವರ್ಷಗಟ್ಟಲೆ ಹೇಳಿದರು. ಅದು ಗೋಡೆಯ ಮೇಲೆ ಕೂತು ತಲೆ ಎಣಿಸುವ ಯಂತ್ರ. ನನಗೆ ಕೆಲಸ ಕಲಿಸಿದ ಮೇಲ್ವಿಚಾರಕಿ ಹುಲಿಗೆಮ್ಮ ಒಪ್ಪಲಿಲ್ಲ. "ಅದು ತಲಿ ಎಣಿಸ್ತದ. ಮಂದೀನ ಮಾತಾಡಿಸಂಗಿಲ್ಲ" ಅನ್ನುತ್ತಿದ್ದರು.

ಗಾದಿಲಿಂಗಪ್ಪ ಮಾಮ ಮೇಲಟ್ಟದ ಕೆಲಸದವರು. ರಂಗದ ನೆತ್ತಿಯ ಮೇಲಿರುವ ಕಬ್ಬಿಣದ ಅಟ್ಟ ಅದು. ಅಲ್ಲಿಂದಲೇ ದೃಶ್ಯದ ಬಟ್ಟೆಗಳು ಇಳಿಯುತ್ತವೆ. ನನಗೆ ಹಗ್ಗ ಹಿಡಿಯಲು ಕಲಿಸಿದವರು ಅವರು. ನಾನು ಕಟ್ಟಿದ್ದನ್ನು ಎಳೆದು ನೋಡಿ, "ಇದು ಗಂಟೋ, ನಿಮ್ಮವ್ವ ಹಾಕಿದ ಜಡಿಯೋ?" ಅಂತ ನಗುತ್ತಿದ್ದರು. ಧೂಳು ಕುಡಿದು ಕುಡಿದು ಅವರ ಗಂಟಲು ಕಟ್ಟಿತ್ತು. ಹೆಸರು ಕೂಗಿದಾಗ ಬೋಲ್ಟು ಬಿಗಿಯುವ ಪಾನಾದಿಂದ ಅಟ್ಟದ ಕಂಬಿಗೆ ಎರಡು ಸಲ ಬಡಿಯುತ್ತಿದ್ದರು. ಅದೇ ಅವರ ದನಿ.

ಒಂದು ದಿನ ಹುಲಿಗೆಮ್ಮ ಹೆಸರು ಕೂಗಿದಾಗ ಇಪ್ಪತ್ತಾರು ಮಂದಿ ಓಗೊಟ್ಟರು. ಮಾಮನ ಬಡಿತ ಬರಲಿಲ್ಲ. ಹುಲಿಗೆಮ್ಮ ಮತ್ತೆ ಕೂಗಿದರು. ಸ್ವಲ್ಪ ಮುಂಚೆ ಮಾಮ ಕೆಳಗಿಳಿದು ಹಿಂಬಾಗಿಲಲ್ಲಿ ಲೋಟ ಹಿಡಿದು ಕೂತಿದ್ದನ್ನು ನಾನು ಕಂಡಿದ್ದೆ.

"ಅದಾರ ಅಮ್ಮಾ, ಹೊರಗ ಚಾ ಕುಡಿಯಾಕತ್ತಾರ" ಅಂದೆ.

"ನೀನ ನೋಡಿಯೇನು?"

"ನೋಡೀನಿ."

ಅವರು ನನ್ನನ್ನು ನಂಬಿ, ಶುರು ಮಾಡಲು ಕೈ ಎತ್ತಿದರು. ಮಳೆಯ ದೃಶ್ಯದ ಬಟ್ಟೆ ಹೊತ್ತ ಉದ್ದನೆಯ ಕಂಬಿ ಕೆಳಗೆ ಹೊರಟಿತು. ಆ ಬೆಳಿಗ್ಗೆ ಆ ಕಂಬಿಗೆ ಗಂಟು ಹಾಕಿದವಳು ನಾನು, ಮೊದಲ ಸಲ ಒಬ್ಬಳೇ. ಮಾಮನಿಗೆ ಅದು ನೆನಪಾಗಿ, ಲೋಟ ಅಲ್ಲೇ ಬಿಟ್ಟು ಮತ್ತೆ ಹತ್ತಿದ್ದರು. ಅಂಚಿನಿಂದ ಬಾಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಗಂಟು ನೋಡುತ್ತಿದ್ದರಂತೆ. ಬಡಿಯಲು ಕೈ ಎಲ್ಲಿತ್ತು? ಹಗ್ಗ ಅವರನ್ನು ಎಳೆದುಕೊಂಡೇ ಇಳಿಯಿತು. ರಂಗದ ಮೇಲೆ ಬಿದ್ದವರು ಮತ್ತೆ ಏಳಲಿಲ್ಲ.

ನಾನು ಹಿಂಬಾಗಿಲಿಗೆ ಹೋದಾಗ ಅರ್ಧ ಲೋಟ ಚಹಾ ಇನ್ನೂ ಬೆಚ್ಚಗಿತ್ತು. ಗಂಟು ಸರಿಯಾಗಿಯೇ ಇತ್ತು.

ಇದನ್ನೆಲ್ಲ ಮಂಡಳಿಗೆ ಬರೆದುಕೊಟ್ಟೆ. ಅವರು ಅದರಿಂದ ತಿಳಿದುಕೊಂಡದ್ದು ಒಂದೇ, ಮನುಷ್ಯರ ದನಿಯನ್ನು ನಂಬಬಾರದು ಎಂದು. ಹುಲಿಗೆಮ್ಮನವರನ್ನು ಮನೆಗೆ ಕಳಿಸಿದರು. ಹೋಗುವಾಗ ಅವರು ನನ್ನ ತಲೆ ಸವರಿದರು. ನನ್ನನ್ನು ಯಾರೂ ಬೈಯಲಿಲ್ಲ. ಹುಲಿಗೆಮ್ಮನವರ ಕುರ್ಚಿಯನ್ನು ನನಗೇ ಕೊಟ್ಟರು. ಈಗ ಗೋಡೆಯ ಮೇಲೆ ಎಣಿಕೆಗಣ್ಣಿನ ಹಸಿರು ದೀಪ ಹತ್ತುತ್ತದೆ, ಪರದೆ ಏಳುತ್ತದೆ. ಯಾರ ಹೆಸರನ್ನೂ ಯಾರೂ ಕೂಗುವುದಿಲ್ಲ. ಇಪ್ಪತ್ತಾರು ಮಂದಿಯಲ್ಲಿ ಯಾರಿಗೆ ಇವತ್ತು ನೆಗಡಿಯಾಗಿದೆ, ಯಾರ ದನಿ ನಡುಗುತ್ತಿದೆ, ನನಗೆ ತಿಳಿಯುವುದಿಲ್ಲ.

ಅಕ್ಕಾ, ಏಳನೆಯ ಸಾಲಿನ ಕೆಳಗೆ ಎರಡು ಬೆರಳಿನಷ್ಟು ಜಾಗವಿದೆ. ಅಲ್ಲಿ ಇಷ್ಟು ಬರೆದಿಡಿ: 'ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡಬಾರದು.' ನಾನೇ ಬರೆಯಬಹುದಿತ್ತು, ಆದರೆ ಮುಂದೆ ಕಲಿಯುವವರನ್ನು ತೆಗೆದುಕೊಳ್ಳುವುದಿಲ್ಲವಂತೆ. ಓದಲು ಯಾರೂ ಬರುವುದಿಲ್ಲ. ಈ ಕಾಗದ ನಿಮ್ಮ ಕಾಲಕ್ಕೆ ತಲುಪಿ ನೀವು ಬರೆದಿದ್ದರೆ ನಾನು ಮೊದಲ ದಿನವೇ ಓದಿರುತ್ತಿದ್ದೆ ಎಂಬುದೂ ನನಗೆ ಗೊತ್ತು. ಆದರೂ ದಿನಾ ಬೆಳಿಗ್ಗೆ ಬಂದ ಕೂಡಲೇ ಮೊದಲ ಪುಟ ತೆರೆದು ನೋಡುತ್ತೇನೆ.

ಇವತ್ತೂ ಏಳೇ ಸಾಲಿದ್ದವು.

ನೀಲಾವತಿ