ಐದನೆಯ ಪುಸ್ತಕದಿಂದ

ಗ್ರಂಥಾಲಯದ ಅನಂತಪ್ಪ ಸರ್ ಅವರಿಗೆ ನಮಸ್ಕಾರ.

ಎರಡು ವರ್ಷ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ನಿಮ್ಮಲ್ಲಿರುವ ಆ ಹನ್ನೆರಡು ಅಂತರಿಕ್ಷ ಕಾದಂಬರಿಗಳ ಮಾಲೆಯನ್ನು ನಾನು ಮೊದಲಿನಿಂದ ಓದಿಲ್ಲ. ಮೊದಲನೆಯದರಲ್ಲಿ ಬರೀ ರಾಜವಂಶ, ಗ್ರಹಗಳ ಹೆಸರು. ಮೂವತ್ತು ಪುಟಕ್ಕೇ ಬಿಟ್ಟೆ. ಐದನೆಯದರಲ್ಲಿ ಹಡಗಿನ ಅಡುಗೆಯವಳು ಸೇನಾಪತಿಗೆ ಎದುರುತ್ತರ ಕೊಡುತ್ತಾಳೆ. ಅಲ್ಲಿಂದ ಹಿಡಿದವಳು ಬಿಡಲಿಲ್ಲ.

"ದಾನಮ್ಮ ಸಾಲಿ ಬಿಟ್ಟಾಕಿ, ಆದ್ರೂ ಒಂದರಿಂದ ಸಾಲಾಗಿ ಓದ್ಯಾಳ" ಎಂದು ನೀವು ಎಲ್ಲರೆದುರು ಹೊಗಳಿದಾಗ ಸುಮ್ಮನಿದ್ದೆ. ಅದು ನನ್ನ ತಪ್ಪು.

ಆದರೆ ನಮ್ಮ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಹುಡುಗಿ ಪೂರ್ಣಿಮಾ ನಿನ್ನೆ ನನ್ನ ಮಾತಿನಂತೆ ಐದನೆಯದನ್ನು ಕೇಳಿದರೆ, ನಾನು ಒಂದರಿಂದ ಓದಿದೆನೆಂಬುದನ್ನೇ ಹೇಳಿ ಪುಸ್ತಕ ಕಿತ್ತುಕೊಂಡಿರಲ್ಲ! "ಮೊದಲಿಂದು ಓದಾಕ ಆಗಂಗಿಲ್ಲಂದ್ರ ನಿನಗ ಓದು ಹತ್ತಂಗಿಲ್ಲ ಬಿಡವಾ" ಅಂದಿರಂತೆ. ಅವಳು ಬಂದು ಗ್ರಂಥಾಲಯದ ಕಾರ್ಡು ನನ್ನ ಮಗ್ಗದ ಮೇಲೆ ಒಗೆದಳು. "ನೀ ಒಂದರಿಂದ ಓದಿ ನನಗ ಐದರಿಂದ ಅಂತ ಯಾಕ ಹೇಳಿದಿ ಬೇ ಅಕ್ಕಾ? ನಾ ದಡ್ಡಿ ಅಂತ?"

ಬರಿದಾದ ಮಗ್ಗದಿಂದ ನಾವು ಯಾರೂ ಸುರು ಮಾಡುವುದಿಲ್ಲ ಸರ್. ಹಳೆಯ ಹಾಸಿನ ತುದಿಗೆ ಹೊಸ ಎಳೆ ಹೊಸೆದು ಕೆಚ್ಚಿಯೇ ನೇಯುತ್ತೇವೆ. ಈ ಊರಲ್ಲಿದ್ದು ಅಷ್ಟೂ ಕಾಣಲಿಲ್ಲವೇ?

ಐದನೆಯದನ್ನು ನೀವೇ ಅವಳ ಮನೆಗೆ ಒಯ್ದು ಕೊಡಿ. ನಾನೂ ಅಲ್ಲಿಂದಲೇ ಓದಿದ್ದೆಂದು ನಿಮ್ಮ ಬಾಯಿಂದ ಹೇಳಿ. ನನ್ನ ಮಾತನ್ನು ಅವಳು ನಂಬುತ್ತಿಲ್ಲ. ನಾನು ನಾಳೆ ಮುಂಜಾನೆಯ ಬಸ್ಸಿಗೆ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗುತ್ತೇನೆ.

ದಾನಮ್ಮ, ಬನಹಟ್ಟಿ